ವೇಪಿಂಗ್ ತೆರಿಗೆಗೆ ಅಮೆರಿಕದಲ್ಲಿ ವಿರೋಧ ಏಕೆ? ನಮ್ಮ ಮನೆಯ ರೋಗಿಗೆ ಇದರಿಂದ ತಿಳಿಯಬೇಕಾದ್ದೇನು?

ಮನೆಯಲ್ಲಿ ಬೀಡಿ, ಸಿಗರೇಟು ಬಿಡಲಾಗದೆ ಒದ್ದಾಡುವ ಹಿರಿಯರಿದ್ದರೆ, ವಿದೇಶದಲ್ಲಿರುವ ಮಗನೋ ಸೋದರಳಿಯನೋ ಒಂದಲ್ಲ ಒಂದು ದಿನ ಫೋನಿನಲ್ಲಿ ಹೇಳಿರುತ್ತಾರೆ: "ಅಪ್ಪನಿಗೆ ವೇಪ್ ಕೊಡಿಸಿ ನೋಡಿ, ಇಲ್ಲಿ ಎಷ್ಟೋ ಜನ ಅದರಿಂದಲೇ ಸಿಗರೇಟು ಬಿಟ್ಟಿದ್ದಾರೆ." ಇನ್ನೊಂದು ಕಡೆ ವೇಪಿಂಗ್‌ನಿಂದ ಶ್ವಾಸಕೋಶ ಹಾಳಾಯಿತು ಎಂಬ ಸುದ್ದಿಯೂ ಬರುತ್ತದೆ. ಅಮೆರಿಕದ ರಾಜ್ಯಗಳು ಇದರ ಮೇಲೆ ತೆರಿಗೆ ಹಾಕುತ್ತಿವೆ. ಆ ತೆರಿಗೆಯಿಂದ ಆರೋಗ್ಯಕ್ಕೇ ನಷ್ಟ ಎಂದು ಕೆಲವರು ವಿರೋಧಿಸುತ್ತಿದ್ದಾರೆ. ಯಾರ ಮಾತು ನಂಬಬೇಕು? ಈ ವಾದವನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ನಿಮ್ಮ ಮನೆಯ ರೋಗಿಯ ವಿಷಯದಲ್ಲಿ ನಿರ್ಧಾರ ಮಾಡುವುದು ಸುಲಭವಾಗುತ್ತದೆ.

ವೇಪ್ ಎಂದರೇನು?

ವೇಪ್ ಅಥವಾ ಇ-ಸಿಗರೇಟ್ ಬ್ಯಾಟರಿಯಿಂದ ನಡೆಯುವ ಸಾಧನ. ಇದರಲ್ಲಿ ತಂಬಾಕನ್ನು ಸುಡುವುದಿಲ್ಲ. ನಿಕೋಟಿನ್ ಬೆರೆಸಿದ ದ್ರವವನ್ನು ಬಿಸಿ ಮಾಡಿ, ಏಳುವ ಆವಿಯನ್ನು ಒಳಗೆಳೆದುಕೊಳ್ಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್. ಆದರೆ ಬೀಡಿ, ಸಿಗರೇಟಿನಿಂದ ಬರುವ ಕ್ಯಾನ್ಸರ್ ಮತ್ತು ಶ್ವಾಸಕೋಶದ ಕಾಯಿಲೆಗೆ ಮುಖ್ಯ ಕಾರಣ ತಂಬಾಕು ಸುಟ್ಟಾಗ ಬರುವ ಟಾರ್ ಮತ್ತು ವಿಷಾನಿಲಗಳು. ವೇಪ್ ಕುರಿತ ಎಲ್ಲ ಜಗಳವೂ ಈ ವ್ಯತ್ಯಾಸದಿಂದಲೇ ಶುರುವಾಗುತ್ತದೆ.

ಅಮೆರಿಕದ ರಾಜ್ಯಗಳು ಏನು ಮಾಡಿವೆ?

ಅಲ್ಲಿ ಯಾವ ವೇಪ್ ಮಾರಬಹುದು ಎಂದು ನಿರ್ಧರಿಸುವುದು ಕೇಂದ್ರದ ಎಫ್‌ಡಿಎ ಸಂಸ್ಥೆ. ತೆರಿಗೆಯನ್ನು ಮಾತ್ರ ರಾಜ್ಯಗಳೇ ಹಾಕುತ್ತವೆ. ಮಿನ್ನೆಸೋಟಾ 2010ರಲ್ಲಿ ಮೊದಲು ತೆರಿಗೆ ಹಾಕಿ, 2013ರಲ್ಲಿ ಅದನ್ನು ಸಗಟು ಬೆಲೆಯ ಶೇ 95ಕ್ಕೆ ಏರಿಸಿತು. ವರ್ಮಾಂಟ್‌ನಲ್ಲಿ 2019ರಿಂದ ಶೇ 92 ತೆರಿಗೆ ಇದೆ. ಮ್ಯಾಸಚೂಸೆಟ್ಸ್ 2019ರ ನವೆಂಬರಿನಲ್ಲಿ ಹಣ್ಣು, ಮಿಠಾಯಿ, ಪುದೀನದಂತಹ ರುಚಿ ಬೆರೆಸಿದ ವೇಪ್‌ಗಳನ್ನು ನಿಷೇಧಿಸಿತು. 2020ರ ಜೂನ್‌ನಿಂದ ಅಲ್ಲಿ ಶೇ 75 ತೆರಿಗೆಯೂ ಬಂತು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಜನಮತ ನಡೆದಾಗ ಹೆಚ್ಚಿನ ಮತದಾರರು ರುಚಿ ನಿಷೇಧಕ್ಕೆ ಒಪ್ಪಿಗೆ ಕೊಟ್ಟರು.

ವಿರೋಧಿಸುವವರು ಏನು ಹೇಳುತ್ತಾರೆ?

ವಿರೋಧಿಸುವವರಲ್ಲಿ ವೇಪ್ ಸೇದುವ ವಯಸ್ಕರು, ಸಣ್ಣ ಅಂಗಡಿಗಳವರು, ಕೆಲವು ತೆರಿಗೆ ತಜ್ಞರು ಇದ್ದಾರೆ. ಧೂಮಪಾನ ನಿಯಂತ್ರಣಕ್ಕಾಗಿಯೇ ದುಡಿದ ಕೆಲವು ವಿಜ್ಞಾನಿಗಳೂ ಇದ್ದಾರೆ. ಅವರ ಮುಖ್ಯ ವಾದಗಳು ಮೂರು.

ಮೊದಲನೆಯದು ಬೆಲೆಯ ವಾದ. ಹೆಚ್ಚು ಅಪಾಯದ ಸಿಗರೇಟಿಗೂ ಕಡಿಮೆ ಅಪಾಯದ ವೇಪ್‌ಗೂ ಒಂದೇ ಬಗೆಯ ತೆರಿಗೆ ಹಾಕಿದರೆ ಜನ ಸಿಗರೇಟಿನಲ್ಲೇ ಉಳಿಯುತ್ತಾರೆ ಎನ್ನುತ್ತಾರೆ ಇವರು. ಮಿನ್ನೆಸೋಟಾ ತೆರಿಗೆಯ ಪರಿಣಾಮ ನೋಡಿದ ಅರ್ಥಶಾಸ್ತ್ರಜ್ಞರ ತಂಡವೊಂದು 2020ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿತು. ಆ ತೆರಿಗೆ ಇಲ್ಲದಿದ್ದರೆ ಇನ್ನೂ ಸುಮಾರು 32,400 ವಯಸ್ಕರು ಸಿಗರೇಟು ಬಿಡುತ್ತಿದ್ದರು ಎಂಬುದು ಅವರ ಅಂದಾಜು.

ಎರಡನೆಯದು ರುಚಿಯ ವಾದ. ವಯಸ್ಕರು ತಂಬಾಕಿನ ರುಚಿ ಮರೆಯಲು ಬೇರೆ ರುಚಿ ಬಯಸುತ್ತಾರೆ, ಅದನ್ನು ಕಿತ್ತುಕೊಂಡರೆ ಕೆಲವರು ಮತ್ತೆ ಸಿಗರೇಟಿಗೆ ಮರಳುತ್ತಾರೆ ಎಂಬುದು ಇದರ ತಿರುಳು. ಸ್ಯಾನ್ ಫ್ರಾನ್ಸಿಸ್ಕೋದ ನಿಷೇಧದ ನಂತರ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಸಿಗರೇಟು ಸೇದುವುದು ಬೇರೆ ಊರುಗಳಿಗಿಂತ ಹೆಚ್ಚಾಯಿತು ಎಂದು 2021ರಲ್ಲಿ ಒಂದು ಅಧ್ಯಯನ ಹೇಳಿತು. ಆದರೆ ಸಮೀಕ್ಷೆ ನಡೆದಾಗ ನಿಷೇಧ ಪೂರ್ತಿ ಜಾರಿಯಾಗಿರಲಿಲ್ಲ ಎಂದು ಇತರ ಸಂಶೋಧಕರು ಆಕ್ಷೇಪ ಎತ್ತಿದ್ದಾರೆ.

ಮೂರನೆಯದು ಕಳ್ಳ ಮಾರುಕಟ್ಟೆಯ ವಾದ. ಒಂದು ರಾಜ್ಯ ನಿಷೇಧಿಸಿದರೆ ಪಕ್ಕದ ರಾಜ್ಯದಿಂದ ಮಾಲು ಬರುತ್ತದೆ. ಆಗ ಅದರೊಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ.

2021ರಲ್ಲಿ ನಿಕೋಟಿನ್ ಸಂಶೋಧಕರ ಅಂತರರಾಷ್ಟ್ರೀಯ ಸಂಘದ 15 ಮಾಜಿ ಅಧ್ಯಕ್ಷರು ಒಟ್ಟಾಗಿ ಒಂದು ಲೇಖನ ಬರೆದರು. ಮಕ್ಕಳನ್ನು ಕಾಯುವುದು ಎಷ್ಟು ಮುಖ್ಯವೋ ಸಿಗರೇಟು ಬಿಡಲು ಹೆಣಗುತ್ತಿರುವ ವಯಸ್ಕರನ್ನು ನೆನಪಿಡುವುದೂ ಅಷ್ಟೇ ಮುಖ್ಯ ಎಂಬುದು ಅದರ ಸಾರಾಂಶ.

ಒಂದು ಎಚ್ಚರಿಕೆ: ವೇಪ್ ಪರ ಕೇಳುವ ಎಲ್ಲ ದನಿಯೂ ರೋಗಿಗಳ ದನಿಯಲ್ಲ. ಅಮೆರಿಕದ ದೊಡ್ಡ ವೇಪ್ ಬ್ರ್ಯಾಂಡ್‌ಗಳಲ್ಲಿ ಕೆಲವು ಸಿಗರೇಟು ಕಂಪನಿಗಳ ಕೈಯಲ್ಲೇ ಇವೆ. ಕ್ಯಾಲಿಫೋರ್ನಿಯಾದ ನಿಷೇಧದ ವಿರುದ್ಧದ ಪ್ರಚಾರಕ್ಕೆ ಹಣ ಹಾಕಿದವರೂ ತಂಬಾಕು ಕಂಪನಿಗಳೇ.

ತೆರಿಗೆ ಬೇಕು ಎನ್ನುವವರ ವಾದವೇನು?

ಇವರ ಮುಖ್ಯ ಚಿಂತೆ ಮಕ್ಕಳದ್ದು. 2019ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇ 27.5 ಮಂದಿ ಹಿಂದಿನ 30 ದಿನಗಳಲ್ಲಿ ಒಮ್ಮೆಯಾದರೂ ವೇಪ್ ಸೇದಿದ್ದರು. 2024ರ ಹೊತ್ತಿಗೆ ಅದು ಶೇ 7.8ಕ್ಕೆ ಇಳಿಯಿತು. ಬೆಲೆ ಏರಿದರೆ ಮೊದಲು ಕೈಬಿಡುವವರು ಜೇಬಿನಲ್ಲಿ ಹಣ ಕಡಿಮೆ ಇರುವ ಹುಡುಗರು. ಹದಿಹರೆಯದಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ, ಆಗ ಹತ್ತಿದ ನಿಕೋಟಿನ್ ಚಟ ಬಿಡುವುದು ಕಷ್ಟ.

ವೈದ್ಯಕೀಯ ಪುರಾವೆ ಏನು ಹೇಳುತ್ತದೆ?

ಎರಡೂ ಕಡೆಯವರ ಮಾತಿನಲ್ಲಿ ನಿಜವಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ, ವೇಪ್‌ನಿಂದ ದೀರ್ಘಕಾಲದಲ್ಲಿ ಆಗುವ ಹಾನಿ ಸಿಗರೇಟಿನ ಹಾನಿಯ ಶೇ 5ನ್ನು ಮೀರಲಿಕ್ಕಿಲ್ಲ ಎಂದು ಅಂದಾಜಿಸಿತು. ಕಾಕ್ರೇನ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಕೋಟಿನ್ ವೇಪ್ ಬಳಸಿದ 100 ಮಂದಿಯಲ್ಲಿ ಸುಮಾರು 8ರಿಂದ 10 ಮಂದಿ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಳಸಿದವರಲ್ಲಿ ಈ ಸಂಖ್ಯೆ ಸುಮಾರು 6. ಅಂದರೆ ವೇಪ್ ಸ್ವಲ್ಪ ಹೆಚ್ಚು ಸಹಾಯ ಮಾಡಬಹುದು, ಆದರೆ ಅದೇನೂ ಮಂತ್ರದಂಡವಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಅದೂ ಕೈಕೊಟ್ಟಿದೆ.

"ಕಡಿಮೆ ಹಾನಿ" ಎಂದರೆ "ಹಾನಿ ಇಲ್ಲ" ಎಂದಲ್ಲ. ನಿಕೋಟಿನ್ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಗರ್ಭಿಣಿಯ ಮಗುವಿಗೆ ಒಳ್ಳೆಯದಲ್ಲ. ವೇಪ್ ದ್ರವವನ್ನು ಚಿಕ್ಕ ಮಕ್ಕಳು ಕುಡಿದರೆ ಜೀವಕ್ಕೇ ಅಪಾಯ. ದಶಕಗಳ ಕಾಲ ವೇಪ್ ಸೇದಿದರೆ ಏನಾಗುತ್ತದೆ ಎಂದು ಹೇಳುವಷ್ಟು ಅದು ಹಳೆಯದೂ ಅಲ್ಲ. ಹಗಲು ವೇಪ್, ರಾತ್ರಿ ಊಟದ ನಂತರ ಸಿಗರೇಟು ಎಂದು ಎರಡನ್ನೂ ಇಟ್ಟುಕೊಂಡರೆ ಸಿಗುವ ಲಾಭ ತೀರಾ ಕಡಿಮೆ.

2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶದ ಕಾಯಿಲೆ ನಿಮಗೆ ನೆನಪಿರಬಹುದು. 2020ರ ಫೆಬ್ರುವರಿವರೆಗೆ 2,807 ಮಂದಿ ಆಸ್ಪತ್ರೆ ಸೇರಿದರು ಅಥವಾ ಸಾವಿಗೀಡಾದರು; ಸತ್ತವರು 68 ಮಂದಿ. ಹೆಚ್ಚಿನವರು ಸೇದಿದ್ದು ಗಾಂಜಾದ ಸಾರ ಬೆರೆಸಿದ ವೇಪ್. ಅದಕ್ಕೆ ಕಲಬೆರಕೆ ಮಾಡಿದ್ದ ವಿಟಮಿನ್ ಇ ಅಸಿಟೇಟ್‌ಗೂ ಈ ಕಾಯಿಲೆಗೂ ಬಲವಾದ ನಂಟು ಕಂಡುಬಂತು. ಕಳ್ಳ ಮಾರುಕಟ್ಟೆಯ ಬಗ್ಗೆ ತೆರಿಗೆ ವಿರೋಧಿಗಳು ಹೇಳುವ ಮಾತಿಗೆ ಇದು ಪುಷ್ಟಿ ಕೊಡುತ್ತದೆ. ಜೊತೆಗೆ, ಕದ್ದು ಮಾರುವ ವೇಪ್ ಎಷ್ಟು ಅಪಾಯಕಾರಿ ಎಂಬುದನ್ನೂ ತೋರಿಸುತ್ತದೆ. ನಮಗೆ ಬೇಕಾದ ಪಾಠ ಈ ಎರಡನೆಯದು.

ಭಾರತದಲ್ಲಿ ಪರಿಸ್ಥಿತಿ ಬೇರೆ

ನಮ್ಮಲ್ಲಿ ತೆರಿಗೆಯ ಪ್ರಶ್ನೆಯೇ ಇಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಿಂದ ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಾಟ ಅಥವಾ ಆಮದಿನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದ್ದರಿಂದ ಊರಿಗೆ ಬರುವ ಮಗನಿಗೆ ಸೂಟ್‌ಕೇಸಿನಲ್ಲಿ ವೇಪ್ ತರಲು ಹೇಳಬೇಡಿ.

ಬೀಡಿ, ಸಿಗರೇಟು, ಗುಟ್ಕಾ ಗೂಡಂಗಡಿಗಳಲ್ಲಿ ಸಲೀಸಾಗಿ ಸಿಗುವಾಗ ಇದಕ್ಕೆ ಮಾತ್ರ ನಿಷೇಧವೇ ಎಂದು ಇಲ್ಲೂ ಕೆಲವರು ಕೇಳುತ್ತಾರೆ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಚರ್ಚೆ ಮುಗಿಯುವವರೆಗೆ ಕಾಯಲು ನಿಮ್ಮ ಮನೆಯ ರೋಗಿಗೆ ಸಮಯವಿಲ್ಲ. ಇಲ್ಲಿ ಕದ್ದು ಸಿಗುವ ವೇಪ್‌ನಲ್ಲಿ ಎಷ್ಟು ನಿಕೋಟಿನ್ ಇದೆ, ಇನ್ನೇನು ಬೆರೆಸಿದ್ದಾರೆ ಎಂದು ಪರೀಕ್ಷಿಸುವವರಿಲ್ಲ. ಅಮೆರಿಕ, ಬ್ರಿಟನ್‌ಗಳ ಅಧ್ಯಯನಗಳನ್ನು ಇಂಥ ಮಾಲಿಗೆ ಅನ್ವಯಿಸಲಾಗದು.

ಇನ್ನೊಂದು ವ್ಯತ್ಯಾಸ: 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 10.7 ಮಂದಿ ಧೂಮಪಾನ ಮಾಡುತ್ತಾರೆ. ಹೊಗೆಸೊಪ್ಪು, ಗುಟ್ಕಾದಂತಹ ಹೊಗೆರಹಿತ ತಂಬಾಕು ಬಳಸುವವರು ಶೇ 21.4. ಅಗಿಯುವ ಚಟಕ್ಕೆ ವೇಪ್ ಹೇಳಿ ಮಾಡಿಸಿದ ಉತ್ತರವಲ್ಲ.

ಹಾಗಾದರೆ ನಾವು ಏನು ಮಾಡಬಹುದು?

• ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರಗಳಲ್ಲಿ ಒಂದು. ನೀವು ಪುಣೆಯಲ್ಲಿರಲಿ, ದೆಹಲಿಯಲ್ಲಿರಲಿ, ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿ.

• ನಿಕೋಟಿನ್ ಗಮ್ ಬಗ್ಗೆ ವಿಚಾರಿಸಿ. 2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಇದನ್ನು ಚ್ಯೂಯಿಂಗ್ ಗಮ್‌ನಂತೆ ಸತತವಾಗಿ ಅಗಿಯಬಾರದು. ನಿಧಾನವಾಗಿ ಅಗಿದು, ಬಾಯಲ್ಲಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತಿ ಇಡಬೇಕು. ಚುರುಕು ಕಡಿಮೆಯಾದ ಮೇಲೆ ಮತ್ತೆ ಅಗಿಯಬೇಕು. ಗಮ್ ಹಾಕುವ 15 ನಿಮಿಷ ಮೊದಲಿನಿಂದ ಕಾಫಿ, ಟೀ ಬೇಡ.

• ಹೃದಯಾಘಾತವಾಗಿದ್ದರೆ, ಗರ್ಭಿಣಿಯಾಗಿದ್ದರೆ, ಫಿಟ್ಸ್ ಅಥವಾ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಔಷಧದ ಜೊತೆ ಆಪ್ತಸಲಹೆಯೂ ಇದ್ದರೆ ಫಲ ಹೆಚ್ಚು.

• ಮನೆಯವರು ಈಗಾಗಲೇ ವೇಪ್ ಸೇದುತ್ತಿದ್ದರೆ ಗದರಿಸಬೇಡಿ. ಗದರಿಸಿದರೆ ಮುಚ್ಚಿಡುತ್ತಾರೆ. ವೈದ್ಯರಿಗೆ, ಅದರಲ್ಲೂ ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರಿಗೆ, ವಿಷಯ ಹೇಳಲೇಬೇಕು. "ವೇಪ್ ಬೇಡ" ಎಂದ ಮಾತು ಅವರನ್ನು ಮತ್ತೆ ಸಿಗರೇಟಿಗೆ ತಳ್ಳಬಾರದು. ಎರಡನ್ನೂ ಬಿಡುವ ದಾರಿಯನ್ನು ವೈದ್ಯರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ವೇಪ್ ಸೇದುವವರಿಗೆ ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಕೆಮ್ಮಿನ ಜೊತೆ ಜ್ವರ, ವಾಂತಿ ಕಾಣಿಸಿದರೆ ಕಾಯಬೇಡಿ. ಮಗು ವೇಪ್ ದ್ರವ ನುಂಗಿದೆ ಎಂಬ ಅನುಮಾನ ಬಂದರೂ ಹಾಗೆಯೇ; ಆಗ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಬಿಡಲು ಒಮ್ಮೆ ಪ್ರಯತ್ನಿಸಿ ಸೋತವರು ಎರಡನೆಯ, ಮೂರನೆಯ ಪ್ರಯತ್ನದಲ್ಲಿ ಗೆಲ್ಲುವುದು ವೈದ್ಯರು ದಿನವೂ ಕಾಣುವ ಮಾತು. ಅಪ್ಪ ಈ ಸಲವೂ ಸೋತರೆ ಬೇಸರಿಸಬೇಡಿ. ಮುಂದಿನ ಸಲಕ್ಕೆ ದಿನ ಗೊತ್ತು ಮಾಡಿ, ಆ ದಿನ ಅವರ ಜೊತೆ ನೀವೂ ಇರಿ.