ಬೀಗದ ಕೈ ಇಲ್ಲದೆ

ಪರಸ್ಥಳದಿಂದ ಹಿಂದಿರುಗಿ, ಹೊತ್ತು ಮುಳುಗಿದ ಮೇಲೆ ಮನೆಯ ಬಾಗಿಲಿಗೆ ಬಂದು ನಿಂತು, ಜೇಬನ್ನೂ ಚೀಲವನ್ನೂ ತಡಕಿ, ಬೀಗದ ಕೈ ಎಲ್ಲಿಯೂ ಇಲ್ಲವೆಂದು ಕಂಡುಕೊಂಡ ಅನುಭವ ವಾಚಕರಲ್ಲಿ ಅನೇಕರಿಗೆ ಆಗಿರಬಹುದು. ಮಕ್ಕಳು ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಮೇಲೆ ಕುಳಿತಿವೆ. ಗೃಹಿಣಿ ಮಾತನಾಡುತ್ತಿಲ್ಲ, ಆ ಮೌನ ಮಾತಿಗಿಂತ ಕಠಿನವಾದುದು. ಪಕ್ಕದ ಮನೆಯವರು ಸುತ್ತಿಗೆ ತರಲೆ ಎಂದು ಕೇಳುತ್ತಿದ್ದಾರೆ. ಎರಡು ವರ್ಷಗಳ ಹಿಂದೆ ನನಗೆ ಈ ಯೋಗ ಒದಗಿದಾಗ ಯಾರೋ ಪುಣ್ಯಾತ್ಮರು ಬೀದಿಯ ಕೊನೆಯಲ್ಲಿ ಬೀಗ ರಿಪೇರಿ ಮಾಡುವ ವೃದ್ಧರೊಬ್ಬರನ್ನು ಕರೆತಂದರು. ಅವರು ಸುತ್ತಿಗೆಯನ್ನು ಮುಟ್ಟಲಿಲ್ಲ. ಎರಡು ತೆಳುವಾದ ಉಕ್ಕಿನ ಕಡ್ಡಿಗಳನ್ನು ಹೊರತೆಗೆದು, ಬೀಗ ಹೇಳುವುದನ್ನು ಆಲಿಸುವವರಂತೆ ತಲೆ ವಾಲಿಸಿ ನಿಂತರು. ಒಂದು ನಿಮಿಷ ಕಳೆಯುವಷ್ಟರಲ್ಲಿ ಬೀಗ ನನ್ನ ಅಂಗೈಯಲ್ಲಿತ್ತು.

ಬಾಗಿಲು ತೆರೆಯಿತೆಂದು ಮನೆಮಂದಿಯೆಲ್ಲ ಹರ್ಷಪಟ್ಟರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹನ್ನೊಂದು ವರ್ಷ ಆ ಬೀಗದ ಮೇಲೆ ಭಾರ ಹಾಕಿ ನಾವು ಮದುವೆ, ಮುಂಜಿ, ಯಾತ್ರೆಗಳೆಂದು ಊರೂರು ತಿರುಗಿದ್ದೆವು. ಅದರ ಬಿಗಿ ಒಂದು ನಿಮಿಷದ್ದು!

ಆ ಅನಿದ್ರೆಯೇ ನನ್ನ ಹವ್ಯಾಸಕ್ಕೆ ಮೂಲವಾಯಿತು. ಮರುವಾರವೇ ಆ ವೃದ್ಧರ ಬಳಿಗೆ ಹೋಗಿ, ಈ ವಿದ್ಯೆಯನ್ನು ನನಗೂ ಕಲಿಸಬೇಕೆಂದು ಕೇಳಿಕೊಂಡೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾತಕ್ಕೆ ಸ್ವಾಮಿ?” ಎಂದರು. ಮನೆಯಲ್ಲಿಯೂ ಅದೇ ಪ್ರಶ್ನೆ. “ನಿಮಗೆ ಬೇರೆ ಏನೂ ತೋಚಲಿಲ್ಲವೆ? ಅಕ್ಕಪಕ್ಕದವರು ಏನೆಂದುಕೊಂಡಾರು?” ಎಂದು ನನ್ನಾಕೆ ಕೇಳಿದಳು. ಬೀಗರನ್ನು ಒಲಿಸಿಕೊಂಡವನಿಗೆ ಬೀಗವನ್ನು ಒಲಿಸುವುದು ಎಷ್ಟರ ಮಾತು ಎಂದು ಸ್ನೇಹಿತರೊಬ್ಬರು ಹಾಸ್ಯಮಾಡಿದರು. ಅವರ ಮಾತಿನಲ್ಲಿ ತಥ್ಯವಿತ್ತೆಂದು ಮುಂದೆ ತಿಳಿಯಿತು. ಎರಡು ಕಡೆಯೂ ಬಲಪ್ರಯೋಗ ಕೆಲಸಕ್ಕೆ ಬಾರದು.

ಬೀಗ ತೆರೆಯುವ ವಿದ್ಯೆ ಎಂದೊಡನೆ ಕಳ್ಳನ ನೆನಪಾಗುವುದು ಸಹಜವೇ. ಶೂದ್ರಕನ ‘ಮೃಚ್ಛಕಟಿಕ’ವನ್ನು ಓದಿದವರಿಗೆ ಶರ್ವಿಲಕನ ಪರಿಚಯವಿರುತ್ತದೆ. ಚಾರುದತ್ತನ ಮನೆಗೆ ಕನ್ನ ಕೊರೆಯಲು ಬಂದ ಆ ಬ್ರಾಹ್ಮಣ ಅಳತೆಯ ದಾರವನ್ನು ಮರೆತು, ಯಜ್ಞೋಪವೀತದಿಂದಲೇ ಗೋಡೆಯನ್ನಳೆದು, ಬಿಗಿದ ಕದವನ್ನು ತೆರೆಯುವುದಕ್ಕೂ ಜನಿವಾರ ಉಪಕಾರಿ ಎಂದು ಅದರ ಗುಣಗಾನ ಮಾಡುತ್ತಾನೆ. ನಾಟಕವನ್ನು ನೋಡುವಾಗ ನಾವು ಅವನ ಕುಶಲತೆಗೆ ತಲೆದೂಗುತ್ತೇವೆ. ಮನೆಗೆ ಬಂದು ಅಗುಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತೇವೆ. ಈ ಹವ್ಯಾಸ ಕೈಗೊಂಡವನನ್ನು ಜನ ನೋಡುವ ಬಗೆಯೂ ಹೆಚ್ಚು ಕಡಿಮೆ ಹಾಗೆಯೇ.

ಈಗ ಬೀಗದ ಒಳಗೆ ಇಣಿಕೋಣ. ಇಂದು ಮನೆಮನೆಯಲ್ಲಿ ಕಾಣುವ, ಚಪ್ಪಟೆಯಾದ ಹಲ್ಲಿನ ಕೈಯುಳ್ಳ ಬೀಗಕ್ಕೆ ಅಮೆರಿಕದ ಕಿರಿಯ ಲೈನಸ್ ಯೇಲ್ ಈಗಿನ ರೂಪ ಕೊಟ್ಟ. ಅವನ ಪೇಟೆಂಟುಗಳು 1861 ಮತ್ತು 1865ನೆಯ ಇಸವಿಯವು. ತತ್ತ್ವ ಮಾತ್ರ ಬಹು ಪುರಾತನವಾದುದು. ಈಜಿಪ್ಟಿನ ಮರದ ಬೀಗಗಳಲ್ಲಿಯೂ ಬೀಳುಗೂಟಗಳಿದ್ದುವು. ನಾವು ಕೈಯಿಟ್ಟು ತಿರುಗಿಸುವ ಭಾಗ ಒಂದು ಉರುಳೆ. ಅದು ಬೀಗದ ಮೈಯೊಳಗೆ ಕೂತಿರುತ್ತದೆ. ಉರುಳೆಗೂ ಮೈಗೂ ಸೇರಿದಂತೆ ಸಾಲಾಗಿ ಐದಾರು ಸಣ್ಣ ರಂಧ್ರಗಳು. ಒಂದೊಂದರಲ್ಲಿಯೂ ಒಂದರ ಮೇಲೊಂದು ಎರಡು ಪಿನ್ನುಗಳು. ಅವನ್ನು ಕೆಳಕ್ಕೆ ಒತ್ತುವ ಒಂದು ಸ್ಪ್ರಿಂಗು. ಕೈ ಇಲ್ಲದಾಗ ಮೇಲಿನ ಪಿನ್ನು ಅರ್ಧ ಉರುಳೆಯಲ್ಲಿ, ಅರ್ಧ ಮೈಯಲ್ಲಿ ಇಳಿದು ನಿಂತು ಉರುಳೆಯನ್ನು ತಿರುಗಗೊಡುವುದಿಲ್ಲ. ಸರಿಯಾದ ಕೈಯ ಹಲ್ಲುಗಳು ಪ್ರತಿಯೊಂದು ಜೋಡಿಯನ್ನೂ ಬೇಕಾದಷ್ಟೇ ಎತ್ತಿ, ಎರಡು ಪಿನ್ನುಗಳ ಸಂದು ಉರುಳೆಯ ಅಂಚಿಗೆ ಸಮನಾಗಿ ನಿಲ್ಲುವಂತೆ ಮಾಡುತ್ತವೆ. ಆಗ ಉರುಳೆ ತಿರುಗುತ್ತದೆ.

ಐದು ಜೋಡಿಗಳನ್ನೂ ಏಕಕಾಲದಲ್ಲಿ ಸಮಮಾಡಬೇಕಾಗಿದ್ದರೆ ಎರಡು ಕಡ್ಡಿಗಳಿಂದ ಈ ಕೆಲಸ ಆಗುತ್ತಲೇ ಇರಲಿಲ್ಲ. ಆದರೆ ಮನುಷ್ಯ ಮಾಡಿದ ಯಾವ ವಸ್ತುವೂ ಕರಾರುವಾಕ್ಕಾಗಿರುವುದಿಲ್ಲ. ಆ ಐದು ರಂಧ್ರಗಳು ನೋಟಕ್ಕೆ ಒಂದೇ ಗೆರೆಯಲ್ಲಿದ್ದರೂ ಕೂದಲೆಳೆಯಷ್ಟಾದರೂ ಅತ್ತಿತ್ತ ಸರಿದಿರುತ್ತವೆ. ಉರುಳೆಯನ್ನು ಮೆಲ್ಲನೆ ತಿರುಗಿಸಲೆತ್ನಿಸಿದರೆ ಮೊದಲು ಒಂದೇ ಒಂದು ಪಿನ್ನು ಸಿಕ್ಕಿಕೊಳ್ಳುತ್ತದೆ. ಉಳಿದ ನಾಲ್ಕು ಸಡಿಲವಾಗಿಯೇ ಇರುತ್ತವೆ. ಸಿಕ್ಕಿಕೊಂಡುದನ್ನು ಹುಡುಕಿ ಎತ್ತಬೇಕು. ಅದು ಅಂಚಿಗೆ ಬಂದೊಡನೆ ‘ಟಿಕ್’ ಎಂದು ಅತಿ ಸೂಕ್ಷ್ಮವಾದ ಸದ್ದು. ಉರುಳೆ ಕಂಡೂ ಕಾಣದಂತೆ ಅಲುಗುತ್ತದೆ. ಮೇಲಿನ ಪಿನ್ನು ಅಂಚಿನ ಮೇಲೆ ಕುಳಿತುಬಿಡುತ್ತದೆ. ಆಗ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದೊಂದಾಗಿ. ಬೀಗ ಮಾಡಿದವನ ಅರದ ತಪ್ಪೇ ನಮಗೆ ದಾರಿ.

ಸಲಕರಣೆಗಳು ಎರಡೇ. ಒಂದು, ತುದಿಯಲ್ಲಿ ಕಟ್ಟಿರುವೆಯ ಕೊಂಡಿಯಂತೆ ಸ್ವಲ್ಪ ಬಾಗಿದ ಕಡ್ಡಿ. ಇದರಿಂದ ಪಿನ್ನುಗಳನ್ನು ಎತ್ತುವುದು. ಇನ್ನೊಂದು, ಮೂಲೆಮಟ್ಟದಂತೆ ಮಡಿಸಿದ ಉಕ್ಕಿನ ಪಟ್ಟಿ. ಇದರಿಂದ ಉರುಳೆಯ ಮೇಲೆ ಒತ್ತಡವಿಡುವುದು. ನಮ್ಮ ಗುರುಗಳು ಮೊದಲನೆಯದನ್ನು ಕಬ್ಬಿಣ ಕೊಯ್ಯುವ ಗರಗಸದ ಹಳೆಯ ಅಲಗನ್ನು ಸಾಣೆ ಹಿಡಿದು ಮಾಡಿದ್ದರು; ಎರಡನೆಯದು ಕಾರಿನ ಗಾಜೊರಸುವ ವೈಪರಿನೊಳಗಿನ ಪಟ್ಟಿ. ಸಿನಿಮಾ ನಾಯಕಿ ಮುಡಿಯಿಂದ ಒಂದು ಪಿನ್ನು ಕಿತ್ತು ತಿಜೋರಿ ತೆರೆಯುವುದನ್ನು ನಂಬಿ ನಾನು ಮಾಡಿದ ಪ್ರಯೋಗದಲ್ಲಿ ನನ್ನಾಕೆಯ ಮೂರು ಪಿನ್ನುಗಳು ಸೊಟ್ಟಗಾದುವಲ್ಲದೆ ಬೇರೆ ಫಲ ಸಿಕ್ಕಲಿಲ್ಲ.

ಹೊಸಬರೆಲ್ಲ ಮಾಡುವ ತಪ್ಪು ಒಂದೇ; ನಾನೂ ಅದನ್ನೇ ಮಾಡಿದೆ. ಕೊಂಡಿಯ ಕಡ್ಡಿಯ ಕಡೆಗೇ ಗಮನವಿಟ್ಟು, ಇನ್ನೊಂದು ಕೈಯಿಂದ ಪಟ್ಟಿಯನ್ನು ಬಲವಾಗಿ ಒತ್ತಿ ಹಿಡಿಯುವುದು. ಹಾಗೆ ಒತ್ತಿದರೆ ಎಲ್ಲ ಪಿನ್ನುಗಳೂ ಬಿಗಿದುಕೊಂಡು ಯಾವುದು ಸಿಕ್ಕಿದೆ, ಯಾವುದು ಇಲ್ಲ ಎಂಬ ವ್ಯತ್ಯಾಸವೇ ತಿಳಿಯದು. ಗುರುಗಳು ಒಂದು ದಿನ ಬೇಸತ್ತು, “ಬಳೆಗಾರ ಬಳೆ ತೊಡಿಸೋದು ನೋಡಿದೀರಾ?” ಎಂದು ಕೇಳಿದರು. ನೋಡದವರಾರು? ಕೈಬೆರಳುಗಳ ಗಂಟುಗಳನ್ನು ಒಂದೊಂದಾಗಿ ಅದುಮಿ, ಬಳೆಯನ್ನು ಒಂದಿಷ್ಟು ತಿರುಗಿಸಿ, ಒಂದಿಷ್ಟು ಬಿಟ್ಟು, ಮಾತನಾಡುತ್ತಲೇ ಅವನು ಗಾಜಿನ ಬಳೆಯನ್ನು ಗಂಟು ದಾಟಿಸುತ್ತಾನೆ. ಒತ್ತಡ ಮಿಕ್ಕರೆ ಬಳೆ ಒಡೆದು ಕೈಗೆ ಗಾಯ. ಕಡಮೆಯಾದರೆ ಬಳೆ ಏರದು. ಎಡಗೈಗೆ ಆ ಹದ ಬರುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಆ ಬಳಿಕ ಒಂದು ಸಂಜೆ ನಾಲ್ಕು ಪಿನ್ನಿನ ಹಿತ್ತಾಳೆಯ ಪುಟ್ಟ ಬೀಗವೊಂದು ಸೂಚನೆಯನ್ನೇ ಕೊಡದೆ ಕೈಯಲ್ಲಿ ತೆರೆದುಕೊಂಡಿತು. ಐವತ್ತರ ಹತ್ತಿರದ ಗೃಹಸ್ಥ ಕುರ್ಚಿಯಿಂದ ಎಗರಿದುದನ್ನು ನನ್ನ ಮಗಳು ಈಗಲೂ ಅಭಿನಯಿಸಿ ತೋರಿಸುತ್ತಾಳೆ.

ಕಲಿಯಬಯಸುವವರು ಬೀಗದವರಿಂದ ಒಂದು ಅಗ್ಗದ ಬೀಗದ ಪಿನ್ನುಗಳನ್ನೆಲ್ಲ ತೆಗೆಸಿ, ಮೊದಲು ಒಂದು ಜೋಡಿ, ಮರುವಾರ ಎರಡು ಹೀಗೆ ಹಾಕಿಸಿಕೊಂಡು ಮುಂದುವರಿಯುವುದು ಉತ್ತಮ. ಒಳಗಿನದೆಲ್ಲ ಕಾಣುವಂತೆ ಪಾರದರ್ಶಕವಾಗಿ ಮಾಡಿದ ಅಭ್ಯಾಸದ ಬೀಗಗಳೂ ದೊರೆಯುತ್ತವೆ. ಮಕ್ಕಳಿಗೆ ತತ್ತ್ವ ತಿಳಿಸಲು ಅವು ಚೆನ್ನ. ಆದರೆ ಕಣ್ಣು ನೋಡತೊಡಗಿದರೆ ಬೆರಳು ಕಲಿಯುವುದನ್ನು ಬಿಡುತ್ತದೆಂಬುದು ನನ್ನ ಅಭಿಪ್ರಾಯ.

ಇಂಥ ವಿದ್ಯೆಯನ್ನು ಬಹಿರಂಗವಾಗಿ ಬರೆಯಬಹುದೆ ಎಂದು ಕೆಲವರಾದರೂ ಹುಬ್ಬುಗಂಟಿಕ್ಕಿರಬಹುದು. ಈ ವಿವಾದಕ್ಕೆ ನೂರೆಪ್ಪತ್ತು ವರ್ಷಗಳಿಗೂ ಮೀರಿದ ವಯಸ್ಸಾಗಿದೆ. ಲಂಡನ್ನಿನ ಪಿಕ್ಯಾಡಿಲಿ ಬೀದಿಯಲ್ಲಿ ಬ್ರಾಮಾ ಕಂಪನಿಯ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಇದನ್ನು ಕೈ ಇಲ್ಲದೆ ತೆರೆಯುವ ಸಾಧನವನ್ನು ಮಾಡಿದವನಿಗೆ 200 ಗಿನಿಗಳ ಬಹುಮಾನವೆಂದು ಬರೆದು ಹಾಕಿದ್ದರು. ಜೋಸೆಫ್ ಬ್ರಾಮಾ ತನ್ನ ಬೀಗಕ್ಕೆ 1784ರಲ್ಲಿ ಪೇಟೆಂಟು ಪಡೆದಿದ್ದ. ಪಣದ ಬೀಗದೊಳಗೆ 18 ಜಾರುಪಟ್ಟಿಗಳಿದ್ದುವು. ಬ್ರಾಮಾ ಕಾಲವಾದ, ದಶಕಗಳುರುಳಿದುವು, ಬಹುಮಾನವನ್ನು ಯಾರೂ ಕೊಂಡೊಯ್ಯಲಿಲ್ಲ. ಇನ್ನೊಂದು ಹೆಸರಾಂತ ಬೀಗ 1818ರಲ್ಲಿ ಜೆರೆಮಿಯಾ ಚಬ್ ಮಾಡಿದುದು. ಅದರಲ್ಲಿ ಒಂದು ಚಮತ್ಕಾರವಿತ್ತು: ಯಾವನಾದರೂ ಕಡ್ಡಿಯಾಡಿಸಿ ಒಳಗಿನ ಸನ್ನೆಯನ್ನು ಮಿತಿಮೀರಿ ಎತ್ತಿದರೆ ಬೀಗ ಸಿಕ್ಕಿಕೊಂಡು, ಆಮೇಲೆ ಬಂದ ಯಜಮಾನನಿಗೆ ‘ಕಳ್ಳ ಬಂದಿದ್ದ’ ಎಂದು ದೂರು ಹೇಳುತ್ತಿತ್ತು.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಅಮೆರಿಕದ ಬೀಗದ ಕಂಪನಿಯೊಂದರ ಪರವಾಗಿ ಆಲ್ಫ್ರೆಡ್ ಹಾಬ್ಸ್ ಎಂಬಾತ ಬಂದ. ಮೊದಲು ಚಬ್ ಬೀಗವನ್ನು ಸಾಕ್ಷಿಗಳ ಸಮ್ಮುಖದಲ್ಲಿ 25 ನಿಮಿಷಗಳಲ್ಲಿ ತೆರೆದ. ಕಳ್ಳನನ್ನು ಹಿಡಿದುಕೊಡಬೇಕಾಗಿದ್ದ ಆ ಚಮತ್ಕಾರವೇ, ಸನ್ನೆ ಎಷ್ಟು ಎತ್ತಿದರೆ ಮಿತಿಮೀರುತ್ತದೆಂಬ ಗುಟ್ಟನ್ನು ಅವನಿಗೆ ಹೇಳಿಕೊಟ್ಟಿತು! ಆಮೇಲೆ ಬ್ರಾಮಾ ಬೀಗಕ್ಕೆ ಕೈಹಾಕಿದ. 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆಗಳ ಕಾಲ ಅದರೊಡನೆ ಹೆಣಗಿ ಅದನ್ನೂ ತೆರೆದ. ಅವನ ಉಪಾಯವೂ ಮೇಲೆ ಹೇಳಿದುದೇ: ಒತ್ತಡವಿಡುವುದು, ಸಿಕ್ಕಿಕೊಂಡುದನ್ನು ಹುಡುಕುವುದು. ಕಂಪನಿಯವರು ತಕರಾರು ಮಾಡಿ, ಕೊನೆಗೆ 200 ಗಿನಿಗಳನ್ನು ಎಣಿಸಿಕೊಟ್ಟರು. ಆ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ನಗರದಲ್ಲಿ ದಿಗಿಲು ಹಬ್ಬಿತು. ಬ್ಯಾಂಕಿನವರೂ ವರ್ತಕರೂ ತಮ್ಮ ಬೀಗಗಳನ್ನು ಶಂಕೆಯಿಂದ ನೋಡತೊಡಗಿದರು. ಹಾಬ್ಸ್ ಕಳ್ಳರಿಗೆ ಪಾಠ ಹೇಳುತ್ತಿದ್ದಾನೆಂಬ ಕೂಗೆದ್ದಿತು. ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿದ, 1853ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಕಳ್ಳರು ತಮ್ಮ ಕಸಬನ್ನು ನಮಗಿಂತ ಚೆನ್ನಾಗಿ ಬಲ್ಲರು. ತಿಳಿಯದೆ ನಷ್ಟಪಡುವವನು ಬೀಗವನ್ನು ನಂಬಿ ಮಲಗುವ ಗೃಹಸ್ಥನೇ ಎಂಬುದು ಅದರ ಸಾರ. ನಾನು ಹನ್ನೊಂದು ವರ್ಷ ಆ ಗೃಹಸ್ಥನಾಗಿದ್ದವನು. ಆದಕಾರಣ ಹಾಬ್ಸನ ಪಕ್ಷ.

ಬೀಗದ ದೋಷವನ್ನು ತೋರಿಸಿದವನ ಮೇಲೆಯೇ ಸಿಟ್ಟಾಗುವುದು ಲೋಕರೂಢಿ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಕಾರ್ಯದಲ್ಲಿದ್ದಾಗ, ಬೇಸರ ಕಳೆಯಲು ಬೀಗ ಮತ್ತು ತಿಜೋರಿಗಳನ್ನು ತೆರೆಯುವುದನ್ನು ಕಲಿತರು. ತಿಜೋರಿಯ ಬಾಗಿಲು ತೆರೆದಿದ್ದಾಗ ಅದರ ಅಂಕಿಗಳನ್ನು ಹೊರಗಿನವರು ಪತ್ತೆಮಾಡಬಹುದೆಂದು ಅಧಿಕಾರಿಯೊಬ್ಬರಿಗೆ ಎದುರಿಗೇ ತೋರಿಸಿಕೊಟ್ಟರು. ಅಧಿಕಾರಿ ಏನು ಮಾಡಿದರು? ಫೈನ್‌ಮನ್ ಯಾರ ಯಾರ ಕೋಣೆಗೆ ಹೋಗಿದ್ದರೋ ಅವರೆಲ್ಲರೂ ಅಂಕಿಗಳನ್ನು ಬದಲಿಸತಕ್ಕದ್ದೆಂದು ಸುತ್ತೋಲೆ ಹೊರಡಿಸಿದರು. 1985ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಫೈನ್‌ಮನ್ ಇದನ್ನು ನಗುತ್ತ ಹೇಳಿಕೊಂಡಿದ್ದಾರೆ.

ಈಗ ಇದು ಹಲವು ದೇಶಗಳಲ್ಲಿ ಆಟವೆನಿಸಿದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1997ರಲ್ಲಿ ಇದಕ್ಕೆಂದೇ ಒಂದು ಸಂಘ ಸ್ಥಾಪನೆಯಾಯಿತು. ನೆದರ್ಲೆಂಡ್ಸ್, ಅಮೆರಿಕಗಳಲ್ಲಿಯೂ ಕೂಟಗಳಿವೆ, ಪಂದ್ಯಗಳು ನಡೆಯುತ್ತವೆ. ಈ ಬಳಗ ಪಾಲಿಸುವ ಕಟ್ಟಳೆಗಳು ಎರಡು: ತನ್ನದಲ್ಲದ ಬೀಗವನ್ನು ಒಡೆಯನ ಅನುಮತಿಯಿಲ್ಲದೆ ಮುಟ್ಟಬಾರದು, ಬಳಕೆಯಲ್ಲಿರುವ ಬೀಗದ ಮೇಲೆ, ತನ್ನದೇ ಆದರೂ, ಅಭ್ಯಾಸ ಮಾಡಬಾರದು. ಎರಡನೆಯದಕ್ಕೆ ಕಾರಣ ಸರಳ; ಪಿನ್ನೋ ಸ್ಪ್ರಿಂಗೋ ಕೆಟ್ಟರೆ ಮನೆಯವರೆಲ್ಲ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ನಾನೊಂದು ಮಾತು ಸೇರಿಸುತ್ತೇನೆ: ಕಡ್ಡಿಗಳು ಮೇಜಿನ ಖಾನೆಯಲ್ಲಿಯೇ ಇರಲಿ. ಅಪರಾತ್ರಿಯಲ್ಲಿ ಅವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ ಪೋಲೀಸರ ಕೈಗೆ ಸಿಕ್ಕವನು ‘ಹವ್ಯಾಸ’ ಎಂದರೆ ನಂಬುವವರು ವಿರಳ.

ಮೂರು ತಿಂಗಳಾದ ಮೇಲೆ ಕಳಚಿಟ್ಟಿದ್ದ ಹಳೆಯ ಬೀದಿಬಾಗಿಲ ಬೀಗವನ್ನು, ಅದೇ ಹನ್ನೊಂದು ವರ್ಷದ ಕಾವಲುಗಾರನನ್ನು, ನಾಲ್ಕು ನಿಮಿಷಗಳಲ್ಲಿ ತೆರೆದೆ. ಗೆದ್ದವನಂತೆ ಅಡುಗೆಮನೆಗೆ ಕೊಂಡೊಯ್ದು ತೋರಿಸಿದೆ. ನನ್ನಾಕೆ ಮೆಚ್ಚಲಿಲ್ಲ. ಸೌಟನ್ನು ಕೆಳಗಿಟ್ಟು, “ಹಾಗಾದರೆ ಈಗ ಬಾಗಿಲಿಗೆ ಹಾಕಿರುವುದು?” ಎಂದಳು.

ಬಳಕೆಯ ಬೀಗವನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ವಿವರಿಸಿದೆ. ನಿಜ ಹೇಳಬೇಕೆಂದರೆ ನನಗೆ ಧೈರ್ಯವಿರಲಿಲ್ಲ. ಮರುದಿನ ಗುರುಗಳನ್ನು ಕೇಳಿದಾಗ ಅವರು ಬಾಗಿಲಿಗೆ ಬಂದು, ಬೀಗವನ್ನು ನೋಡದೆ, ಅದು ನೇತಾಡುವ ಕೊಂಡಿಯನ್ನು ಹಿಡಿದು ಅಲ್ಲಾಡಿಸಿದರು. ಕಳ್ಳನಿಗೆ ನಮ್ಮಷ್ಟು ತಾಳ್ಮೆಯಿಲ್ಲ. ಅವನು ಸಲಾಕೆಯಿಂದ ಕೊಂಡಿಯನ್ನು ಮೀಟುತ್ತಾನೆ ಎಂದರು. ಕೊಂಡಿಯ ಸ್ಕ್ರೂಗಳಲ್ಲಿ ಎರಡು ಗೆದ್ದಲು ತಿಂದ ಮರದಲ್ಲಿ ಸುಮ್ಮನೆ ನಿಂತಿದ್ದುವು. ಚೌಕಟ್ಟನ್ನು ದುರಸ್ತಿಮಾಡಿಸಿ, ಕದದ ಆಚೆ ಬದಿಯಲ್ಲಿ ನಟ್ಟು ಬಿಗಿಯುವ ಬೋಲ್ಟುಗಳನ್ನು ಹಾಕಿಸಿದೆ. ಹವ್ಯಾಸದಿಂದ ಮನೆಗಾದ ಪ್ರಯೋಜನ ಕೇಳುವವರಿಗೆ ಇದನ್ನು ತೋರಿಸುತ್ತೇನೆ.

ಹೊರಡುವಾಗ ಗುರುಗಳು ಚೀಲದಿಂದ ಒಂದು ತೂಕದ ಹಳೆಯ ಬೀಗವನ್ನು ತೆಗೆದು ನನ್ನ ಕೈಗಿತ್ತರು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಕೈಯಿಂದಲೇ ಮಾಡಿದುದಂತೆ. ಅಲ್ಲಿನ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದರಲ್ಲಿ ಪಿನ್ನುಗಳಿಲ್ಲ, ಸನ್ನೆಗಳಿವೆ. ನಾನು ಕಲಿತ ಪಾಠದಲ್ಲಿ ಅರ್ಧ ಅದರ ಮುಂದೆ ನಡೆಯದು. ಐದು ತಿಂಗಳಾಯಿತು, ಅದಿನ್ನೂ ತೆರೆದಿಲ್ಲ. ಕಳೆದ ಭಾನುವಾರ ಮಗಳು ಅದನ್ನು ಕಡ್ಡಿಗಳ ಸಹಿತ ತನ್ನ ಕೋಣೆಗೆ ಕೊಂಡೊಯ್ದಿದ್ದಾಳೆ. ರಾತ್ರಿ ಊಟವಾದ ಮೇಲೆ ಅಲ್ಲಿಂದ ಆಗಾಗ ಕಬ್ಬಿಣ ಕೆರೆಯುವ ಸದ್ದು ಬರುತ್ತಿರುತ್ತದೆ.