ಜೀವಕೋಶದ ಕಾಪು: ಮ್ಯೂಸಿನ್

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೂಲಿನ ಧೂಳು, ಮುಧೋಳ-ಜಮಖಂಡಿ ಸೀಮೆಯ ಬೆಲ್ಲದ ಗಾಣಗಳಲ್ಲಿ ಹೊಗೆ, ಬೀಳಗಿಯ ಕಣಗಳಲ್ಲಿ ರಾಶಿಯ ಹೊಟ್ಟು. ಕಾಯಕನಿರತರ ಉಸಿರಿನೊಡನೆ ಇವೂ ಒಳಸೇರುತ್ತವೆ. ಅವನ್ನು ಹಿಡಿದು ಹೊರಹಾಕುವ ಲೋಳೆಯ ಕೆಳಗೆ, ಜೀವಕೋಶದ ಮೈಗೇ ಬೇರೂರಿ ನಿಂತ ಇನ್ನೊಂದು ಕಾಪುಂಟು. ಅದೇ ಮ್ಯೂಸಿನ್-1 ಎಂಬ ಪ್ರೋಟೀನು. ಸಜ್ಜೆಯ ತೆನೆಗೆ ಕಾಳು ಒತ್ತಾಗಿ ಕೂಡುವಂತೆ ಇದರ ಮೈತುಂಬ ಸಕ್ಕರೆಯ ಸರಪಳಿಗಳಿದ್ದು, ಅವು ತೇವವನ್ನು ಕಾಯ್ದು, ಕ್ರಿಮಿಗಳನ್ನು ಕೋಶದಿಂದ ದೂರವಿಡುತ್ತವೆ. (ಈ ಸಕ್ಕರೆಯನ್ನು ಶರೀರವೇ ಕಟ್ಟಿಕೊಳ್ಳುತ್ತದೆ; ಬೆಲ್ಲ ಹೆಚ್ಚು ತಿಂದರೆ ಕಾಪು ಬಲಿಯದು!) ಜಠರ, ಕಣ್ಣು, ಸ್ತನದ ಹಾಲುನಾಳಗಳಲ್ಲಿಯೂ ಇದುಂಟು.

ಆರೋಗ್ಯವಂತ ಕೋಶದಲ್ಲಿ ಇದು ನಾಳದ ಒಳಬದಿಗೆ ಮಾತ್ರ ಇರುತ್ತದೆ. ಸ್ತನದ ಕ್ಯಾನ್ಸರಿನಲ್ಲಿ ಕೋಶದ ಸುತ್ತಲೂ ಹರಡುತ್ತದೆ. ಇದರ ತುಣುಕುಗಳು ರಕ್ತಕ್ಕೂ ಸೇರುತ್ತವೆ. ಅವನ್ನು ಅಳೆಯುವುದೇ ‘ಸಿಎ 15-3’ ಪರೀಕ್ಷೆ. ಚಿಕಿತ್ಸೆಯಲ್ಲಿರುವವರ ಏರಿಳಿತವನ್ನು ಗಮನಿಸಲು ವೈದ್ಯರಿಗೆ ಇದು ನೆರವಾಗುತ್ತದೆ. ಆದರೆ ರೋಗದ ಪತ್ತೆಗೆ ಇದು ಸಾಲದೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಆರಂಭದ ಹಂತದಲ್ಲಿ ಅಂಕಿ ಬಹುವೇಳೆ ಸಹಜವಾಗಿಯೇ ಇರುತ್ತದೆ. ಯಕೃತ್ತಿನ ಕಾಯಿಲೆಯಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು.

ರಕ್ತದ ವರದಿ ಚೆನ್ನಾಗಿದೆಯೆಂದು ಎದೆಯ ಗಂಟನ್ನು ಮರೆತುಬಿಡುವುದು ಅಪಾಯಕರ. ಅದು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದೇ ನಮ್ಮ ಅಕ್ಕಂದಿರು, ತಾಯಂದಿರು ಸಂಕೋಚಪಟ್ಟು ತಿಂಗಳುಗಟ್ಟಲೆ ಹೇಳದೆ ಉಳಿಯುತ್ತಾರೆ. ಗಂಟು, ಚರ್ಮದ ಒಳಸೆಳೆತ, ತೊಟ್ಟಿನಿಂದ ರಕ್ತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತಾಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಮ್ಯಾಮೋಗ್ರಾಂ, ಸ್ಕ್ಯಾನಿಂಗ್, ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ ಇವುಗಳಿಂದಲೇ ನಿರ್ಣಯ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಹೋಗುವಾಗ ಹಳೆಯ ವರದಿಗಳನ್ನೆಲ್ಲ ಜೊತೆಗೊಯ್ಯಿರಿ.