ಮಂಜೀರೆಗೆ ಬರುವ ಜಕ್ಕವಕ್ಕಿಗಳು

ಚಕ್ರವಾಕವೆಂಬ ಹೆಸರನ್ನು ಕೇಳದ ಕನ್ನಡಿಗರು ವಿರಳ. ನಮ್ಮ ಪ್ರಾಚೀನ ಕವಿಗಳು ಇದನ್ನೇ ಜಕ್ಕವಕ್ಕಿಯೆಂದು ಕರೆದು, ಹಗಲು ಕೂಡಿದ್ದು ಇರುಳಾಗುತ್ತಲೆ ಅಗಲುವ ದಂಪತಿಗಳೆಂದು ವರ್ಣಿಸಿದರು. ಸಂಸಾರವನ್ನು ಊರಿನಲ್ಲಿ ಬಿಟ್ಟು ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯಲು ಬಂದಿರುವವರಿಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹಕ್ಕಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹೈದರಾಬಾದಿನ ಸಮೀಪದಲ್ಲಿಯೇ ಅದು ಚಳಿಗಾಲವನ್ನು ಕಳೆಯುವುದುಂಟು.

ಬೀದರ ಸೀಮೆಯನ್ನು ಹಾದುಬರುವ ಮಂಜೀರಾ ನದಿಗೆ ಸಂಗಾರೆಡ್ಡಿಯ ಬಳಿ ಅಣೆಕಟ್ಟು ಕಟ್ಟಲಾಗಿದೆ. ನಗರದಿಂದ ಅಲ್ಲಿಗೆ ಸುಮಾರು ೫೦ ಕಿಲೋಮೀಟರು. ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಈ ಜಲಾಶಯವು ೧೯೭೮ರಲ್ಲಿ ವನ್ಯಜೀವಿಧಾಮವಾಯಿತು. ಇಲ್ಲಿಗೆ ಬರುವ ವಲಸೆ ಹಕ್ಕಿಗಳಲ್ಲಿ ಚಕ್ರವಾಕವೂ ಒಂದು.

ಇದನ್ನು ಗುರುತಿಸುವುದು ಕಷ್ಟವಲ್ಲ. ಇದು ಬಾತುಕೋಳಿಯ ಕುಲಕ್ಕೆ ಸೇರಿದ ಹಕ್ಕಿ. ಉದ್ದ ಸುಮಾರು ಎರಡು ಅಡಿ. ಮೈಯೆಲ್ಲ ಕಾವಿ ಬೆರೆತ ಕಿತ್ತಳೆ ಬಣ್ಣ, ತಲೆ ಮಾತ್ರ ತಿಳಿಯಾದುದು. ಕೊಕ್ಕು, ಕಾಲು, ಬಾಲಗಳು ಕಪ್ಪು. ಮರಿಮಾಡುವ ಕಾಲ ಸಮೀಪಿಸಿದಾಗ ಗಂಡಿನ ಕೊರಳಲ್ಲಿ ತೆಳುವಾದ ಕರಿಯ ಪಟ್ಟಿಯೊಂದು ಮೂಡುವುದು. ಹಾರುವಾಗ ರೆಕ್ಕೆಯ ಮುಂಭಾಗದ ಬಿಳುಪೂ ಅಂಚಿನ ಕಪ್ಪೂ ದೂರದಿಂದಲೇ ಎದ್ದು ಕಾಣುವುವು. ಇಲ್ಲಿನ ಕೆರೆಗಳಲ್ಲಿರುವ ಸಿಳ್ಳೆ ಬಾತು ಸಹ ಕಂದು ಬಣ್ಣದ್ದೇ. ಆದರೆ ಅದು ಚಿಕ್ಕದು, ಅದರ ರೆಕ್ಕೆಯಲ್ಲಿ ಬಿಳುಪಿಲ್ಲ, ಅದರ ದನಿ ಸಿಳ್ಳಿನಂತೆ. ಚಕ್ರವಾಕದ ಕೂಗಾದರೋ ಗಟ್ಟಿಯಾಗಿ ಕಹಳೆಯಂತೆ ಮೊಳಗುವುದು.

ಅಕ್ಟೋಬರಿನಿಂದ ಮಾರ್ಚಿಯವರೆಗೆ ಇದನ್ನು ನೋಡಲು ತಕ್ಕ ಕಾಲ. ನೀರಿನ ನಡುವೆ ಅರಸುವುದಕ್ಕಿಂತ ಬಯಲಾದ ದಡವನ್ನೂ ಮರಳು ದಿಬ್ಬಗಳನ್ನೂ ನೋಡಬೇಕು. ಜೋಡಿಯಾಗಿ ನಿಂತಿರುವುದು ಇದರ ವಾಡಿಕೆ. ಇದು ಬಹಳ ಎಚ್ಚರದ ಹಕ್ಕಿ. ಮನುಷ್ಯನನ್ನು ಕಂಡೊಡನೆ ಕೂಗಿ ಹಾರಿಬಿಡುವುದು. ಆದುದರಿಂದ ಮಾಸಲು ಬಣ್ಣದ ಬಟ್ಟೆಯುಟ್ಟು, ದೂರದಲ್ಲಿ ಪೊದೆಯ ಮರೆಯಲ್ಲಿ ಸದ್ದಿಲ್ಲದೆ ಕುಳಿತಿರಬೇಕು. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುವುದು. ಅರಣ್ಯ ಇಲಾಖೆಯವರ ನಿಯಮಗಳನ್ನು ಮೀರಲಾಗದು.

ಇನ್ನು ವಿರಹದ ಮಾತು. ಈ ಜೋಡಿಗಳು ಇರುಳಿನಲ್ಲಿ ಅಗಲುವುದಿಲ್ಲ. ಇವು ಬಹುಮಟ್ಟಿಗೆ ರಾತ್ರಿಯಲ್ಲಿಯೇ ಮೇಯುವುವು. ಮೇಯುತ್ತ ಒಂದನ್ನೊಂದು ಕೂಗಿ ಕರೆಯುವುವು. ಕತ್ತಲೆಯಲ್ಲಿ ಆ ಕೂಗನ್ನು ಕೇಳಿದವರು ವಿರಹವೆಂದು ಬಗೆದಿರಬೇಕು. ಲಡಾಖು, ಟಿಬೆಟ್ಟು, ಮಧ್ಯ ಏಷ್ಯಗಳಲ್ಲಿ ಬಂಡೆಗಳ ಪೊಟರೆಯಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟುವಾಗ ೬,೮೦೦ ಮೀಟರಿನಷ್ಟು ಎತ್ತರಕ್ಕೆ ಏರಿದುದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ತಿಳಿದುಬಂದಿತು. ಇಷ್ಟು ದೂರ ಬಂದರೂ ಅವುಗಳ ಜೋಡಿ ಕೆಡುವುದಿಲ್ಲ.

ಊರಿನಿಂದ ಮನೆಯವರು ಬಂದಾಗ ಚಾರ್ಮಿನಾರನ್ನೂ ಗೋಲ್ಕೊಂಡವನ್ನೂ ತೋರಿಸುವುದು ನಮ್ಮ ಪದ್ಧತಿ. ಈ ಚಳಿಗಾಲದಲ್ಲಿ ಒಂದು ರಜೆಯ ದಿನ ಮಂಜೀರೆಗೂ ಕರೆದುಕೊಂಡು ಹೋಗಿ, ದಡದ ಮೇಲೆ ಒಟ್ಟಿಗೆ ನಿಂತ ಜಕ್ಕವಕ್ಕಿಗಳನ್ನು ಅವರಿಗೆ ತೋರಿಸಬಹುದು.